ನೀರು ಹೊಡೆಸಿದರೆ ಸಾಕೇ?

ಓದುಗರ ಪತ್ರ: ‘ನಮ್ಮ ಹೊಲದ ಮಗ್ಗುಲಲ್ಲೇ ಕಲ್ಲಿನ ಕ್ವಾರಿ, ಅದರಾಚೆ ಜಲ್ಲಿ ಮಾಡುವ ಖಡಿ ಮಷಿನ್. ಹತ್ತಿಯ ಎಲೆ ಮೇಲೆಲ್ಲ ಧೂಳು. ಮದ್ದು ಹಾರಿಸಿದಾಗ ಮನೆಯ ಗೋಡೆ ಅದುರುತ್ತದೆ. ಕೇಳಿದರೆ ನೀರು ಹೊಡೆಸುತ್ತಿದ್ದೇವೆ, ಗಿಡ ನೆಟ್ಟಿದ್ದೇವೆ ಎನ್ನುತ್ತಾರೆ. ಊರಿನ ಬಹಳ ಮಂದಿಗೆ ಅಲ್ಲೇ ಕೂಲಿ. ಗಣಿಯ ಹಾನಿ ನಿಜಕ್ಕೂ ಕಡಿಮೆಯಾಗುತ್ತದೆಯೇ, ಇಲ್ಲ ಇದು ಕಣ್ಣಿಗೆ ಮಣ್ಣೆರಚುವ ಮಾತೇ?’
– ಓದುಗರೊಬ್ಬರು, ಶಿರಹಟ್ಟಿ ತಾಲ್ಲೂಕು

ಸಂಪಾದಕರ ಉತ್ತರ: ಕಡಿಮೆಯಾಗುತ್ತದೆ, ಆದರೆ ನಿಮ್ಮೂರಿನಲ್ಲಿ ನಡೆದಿರುವ ರೀತಿಯಲ್ಲಿ ಅಲ್ಲ. ಟ್ಯಾಂಕರಿನಿಂದ ದಾರಿಗೆ ನೀರು ಚೆಲ್ಲುವುದು ನೋಡುವವರಿಗೆ ಕಾಣುವ ಕೆಲಸ. ನಮ್ಮ ಕಡೆಯ ಬಿಸಿಲಿಗೆ ಅದು ಆರಲು ಎಷ್ಟು ಹೊತ್ತು? ಧೂಳು ಹೆಚ್ಚಾಗಿ ಹುಟ್ಟುವುದು ಬೇರೆಡೆ: ಬಂಡೆಗೆ ಕುಳಿ ಕೊರೆಯುವಲ್ಲಿ, ಕಲ್ಲು ನುರಿಯುವಲ್ಲಿ, ಜರಡಿಯಲ್ಲಿ, ಬೆಲ್ಟಿನ ತುದಿಯಿಂದ ಖಡಿ ಕೆಳಗೆ ಸುರಿಯುವಲ್ಲಿ. ಕೊರೆಯುವಾಗಲೇ ನೀರು ಹಾಯಿಸಿ, ಜರಡಿ ಮತ್ತು ಬೆಲ್ಟುಗಳನ್ನು ತಗಡಿನಿಂದ ಮುಚ್ಚಿ, ಖಡಿ ಸುರಿಯುವ ಎತ್ತರ ತಗ್ಗಿಸಿ ಅಲ್ಲಿ ತುಂತುರು ಹನಿಸಿದರೆ ಹೊಲದವರೆಗೆ ಬರುವ ಧೂಳು ಬಹಳ ತಗ್ಗುತ್ತದೆ. ಇದು ಮಾಲೀಕರ ದಯೆಯ ಮಾತಲ್ಲ. ಧೂಳು ತಡೆಯುವ ವ್ಯವಸ್ಥೆ, ಗಾಳಿಗೆ ಅಡ್ಡಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲ ಗುಡಿಸಿ ತೋಯಿಸುವುದು, ಸುತ್ತ ಹಸಿರು ಪಟ್ಟಿ ಇವೆಲ್ಲ ಕ್ರಷರ್‌ಗಳಿಗೆಂದೇ, ಅಂದರೆ ಖಡಿ ಮಷಿನ್‌ಗಳಿಗೆಂದೇ, ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಇವೆ. ನಿಮ್ಮ ಮಾಲೀಕರು ಅವುಗಳಲ್ಲಿ ಅಗ್ಗದ ಎರಡನ್ನು ಆರಿಸಿಕೊಂಡಂತಿದೆ.

ನಿಮ್ಮ ಪತ್ರದಲ್ಲಿ ಒಳಗೆ ದುಡಿಯುವವರ ಎದೆಯ ಆರೋಗ್ಯದ ಮಾತು ಇಲ್ಲ. ಎಲೆಯ ಧೂಳನ್ನು ಮಳೆ ತೊಳೆಯುತ್ತದೆ. ಶ್ವಾಸಕೋಶಕ್ಕೆ ಇಳಿದ ಕಲ್ಲಿನ ಸಿಲಿಕಾ ಧೂಳು ಅಲ್ಲೇ ಉಳಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯ ಅಂಟುವ ಅಪಾಯವೂ ಹೆಚ್ಚು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಆ ನುಣುಪು ಧೂಳು ನಿಲ್ಲುವುದಿಲ್ಲ. ಕೂಲಿ ಉಳಿಯಬೇಕು ಎನ್ನುವವರೇ ಮೊದಲು ಕೊರೆತಕ್ಕೆ ನೀರು ಕೇಳಬೇಕು.

ಗೋಡೆ ಅದುರುವುದಕ್ಕೂ ದಾರಿಯಿದೆ. ಎಲ್ಲ ಕುಳಿಗಳನ್ನು ಒಮ್ಮೆಲೇ ಹಾರಿಸದೆ, ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿದು ಮದ್ದು ಹಾರಿಸುವ ಡಿಟೋನೇಟರ್ ಬಳಸಿದರೆ ಕಂಪನ ತಗ್ಗುತ್ತದೆ.

ಹಾಗೆಂದು ಎಲ್ಲ ಕಡೆಯೂ ‘ಕಡಿಮೆ ಹಾನಿ’ಯ ಮಾತು ನಾನು ಒಪ್ಪುವುದಿಲ್ಲ. ಚಿನ್ನದ ಅದಿರಿನ ಒಂದು ಟನ್ನಿನಲ್ಲಿ ಸಿಗುವುದು ಕೆಲವೇ ಗ್ರಾಂ. ಮಿಕ್ಕದ್ದೆಲ್ಲ ಅರೆದ ಕೆಸರಾಗಿ, ಸಾಮಾನ್ಯವಾಗಿ ಚಿನ್ನ ಬಿಡಿಸಲು ಬಳಸುವ ಸಯನೈಡ್ ವಿಷ ಸೋಕಿಸಿಕೊಂಡು, ಅಲ್ಲೇ ಉಳಿಯುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಚಿನ್ನದ ಗಣಿಯ ಮಾತು ಬಂದಾಗ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೊಡನೆ 2017ರಲ್ಲಿ ಬೀದಿಗಿಳಿದ ಗದಗಿನವರು ಒಳ್ಳೆಯ ಷರತ್ತು ಕೇಳಲಿಲ್ಲ, ಗಣಿಯೇ ಬೇಡವೆಂದರು. ಸರಿಯಾಗಿಯೇ ಹೇಳಿದರು. 2019ರಲ್ಲಿ ಆ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ನಿಮ್ಮ ಕ್ವಾರಿ ಅದರ ಗಡಿಯಿಂದ ಎಷ್ಟು ದೂರ ಎಂದು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹತ್ತಿರವಿದ್ದರೆ ಧೂಳಿನ ಚೌಕಾಸಿಗೆ ಕೂರುವುದೇ ಬೇಡ.

(ತುಂಗಭದ್ರೆಯ ಮರಳಿಗೆ ತಡೆ ಬಿದ್ದಂತೆಲ್ಲ ಹುಬ್ಬಳ್ಳಿಯ ಕಟ್ಟಡಗಳಿಗೆ ಕಲ್ಲು ನುರಿದು ಮಾಡಿದ ಮರಳು, ಎಂ-ಸ್ಯಾಂಡ್, ಬೇಕಾಗುತ್ತದೆ; ಅದು ಬರುವುದು ನಿಮ್ಮಂಥ ಊರುಗಳ ಬಂಡೆಯಿಂದ. ಪೇಟೆಯಲ್ಲಿ ಕುಳಿತ ನಾವು ಉಪದೇಶ ಮಾಡುವಾಗ ಇದು ನೆನಪಿರಬೇಕು.)

ಕ್ವಾರಿ ವನ್ಯಜೀವಿಧಾಮದ ಗಡಿಯಿಂದ ದೂರವಿದ್ದರೆ ಕಾಗದ ಹಿಡಿಯಿರಿ. ಕ್ವಾರಿಗೆ ಪರಿಸರ ಅನುಮತಿ ಪತ್ರ ಬೇಕು. 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಂದಿನಿಂದ ಐದು ಹೆಕ್ಟೇರಿಗಿಂತ ಚಿಕ್ಕದಕ್ಕೂ ಇದು ತಪ್ಪಿದ್ದಲ್ಲ. ಕ್ರಷರ್‌ಗೆ ಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ. ಪರಿಸರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಗ್ರಾಮಸಭೆಯಲ್ಲಿ ‘ಬಂದ್ ಮಾಡಿ’ ಎಂದು ಕೂಗಿದರೆ ಊರು ಎರಡಾಗುತ್ತದೆ. ವರದಿ ತೋರಿಸಿ ‘ಇಲ್ಲಿ ಬರೆದ ಗೋಡೆ ಎಲ್ಲಿದೆ’ ಎಂದು ಕೇಳಿದರೆ ಕೂಲಿಕಾರನೂ ನಿಮ್ಮೊಡನೆ ನಿಲ್ಲಬಲ್ಲ.

ಈ ಕಾಗದಗಳನ್ನು ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಕ್ವಾರಿಯದಕ್ಕೂ ಕ್ರಷರ್‌ನದಕ್ಕೂ ಬೇರೆ ಬೇರೆ ಬರೆಯಿರಿ. ಕ್ವಾರಿಯ ಅರ್ಜಿಯಲ್ಲಿ ಗಣಿ ಮುಗಿದ ಮೇಲೆ ಗುಂಡಿಯನ್ನು ಏನು ಮಾಡುತ್ತಾರೆ ಎಂಬ ಯೋಜನೆಯ ಪ್ರತಿಯನ್ನೂ ಕೇಳಲು ಮರೆಯಬೇಡಿ.