ನಿಮ್ಮ ಲೇಖನದಲ್ಲಿ ತ್ಲಶ್ಕಾಲಾದವರು ಎಲ್ಲಿ?

ಮಾನ್ಯರೇ,

ಇಂದಿನ ಮೆಕ್ಸಿಕೋದಲ್ಲಿದ್ದ ಅಸ್ಟೆಕ್ ಸಾಮ್ರಾಜ್ಯದ ಪತನವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಹದವಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಿಮ್ಮ ವಾಕ್ಯಗಳ ಕರ್ತೃಪದಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಬಂದವನು ಸ್ಪೇನಿನ ದಂಡನಾಯಕ ಕೋರ್ಟೆಸ್, ಯೋಚಿಸಿದವನು ಕೋರ್ಟೆಸ್, ಗೆದ್ದವನೂ ಕೋರ್ಟೆಸ್. ಅಲ್ಲಿನ ಜನರೆಲ್ಲ ಬರಿಯ ಕರ್ಮಪದಗಳಾಗಿ ಉಳಿದಿದ್ದಾರೆ. ‘ಐನೂರು ಜನ ಒಂದು ಸಾಮ್ರಾಜ್ಯವನ್ನೇ ಉರುಳಿಸಿದರು’ ಎಂಬ ನಿಮ್ಮ ಮೊದಲ ವಾಕ್ಯ ಹುಟ್ಟಿದ್ದು ಈ ದೋಷದಿಂದಲೇ. 1519ರಲ್ಲಿ ಕೋರ್ಟೆಸ್‌ನೊಂದಿಗೆ ದಡಕ್ಕಿಳಿದ ಸೈನಿಕರು ಸುಮಾರು ಐನೂರು ಎಂಬುದು ನಿಜ. ಆದರೆ 1521ರಲ್ಲಿ ಅಸ್ಟೆಕ್ಕರ ರಾಜಧಾನಿ ತೆನೊಚ್ತಿತ್ಲಾನ್ ನಗರಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಸ್ಪೇನಿನವರು ಬೆರಳೆಣಿಕೆಯ ಪಾಲು, ಉಳಿದ ಹತ್ತಾರು ಸಾವಿರ ಮಂದಿ ತ್ಲಶ್ಕಾಲಾ ಮೊದಲಾದ ನೆರೆಯ ರಾಜ್ಯಗಳ ಯೋಧರು. ಇಂಥ ತ್ಲಶ್ಕಾಲಾ ನಿಮ್ಮಲ್ಲಿ ಒಂದೇ ಒಂದು ಕಡೆ, ಅದೂ ‘ದೇಶದ್ರೋಹಿಗಳು’ ಎಂಬ ಬಿರುದಿನೊಂದಿಗೆ ಬರುತ್ತದೆ. ಯಾವ ದೇಶಕ್ಕೆ ದ್ರೋಹ? ಅದು ಅಸ್ಟೆಕ್ಕರಿಗೆ ತಲೆಬಾಗದೆ ದಶಕಗಳ ಕಾಲ ಹೋರಾಡಿದ ಸ್ವತಂತ್ರ ರಾಜ್ಯ. ಮೊದಲು ಸ್ಪೇನಿನವರ ಮೇಲೆಯೇ ಯುದ್ಧಕ್ಕೆ ನಿಂತು, ಆಮೇಲೆ ತನ್ನದೇ ಲೆಕ್ಕಾಚಾರದಿಂದ ಅವರೊಡನೆ ಕೈಜೋಡಿಸಿತು.

ಅಸ್ಟೆಕ್ ದೊರೆ ಮೊಕ್ತೆಸುಮ ತನ್ನ ರಾಜ್ಯವನ್ನು ಅತಿಥಿಯಾದ ಕೋರ್ಟೆಸ್‌ಗೆ ಒಪ್ಪಿಸಿದನೆನ್ನುವ ಭಾಷಣವನ್ನು ನೀವು ಉದ್ಧರಣ ಚಿಹ್ನೆಯೊಳಗೆ, ಅವನೇ ಆಡಿದ ಮಾತೆಂಬಂತೆ ಕೊಟ್ಟಿದ್ದೀರಿ. ಆ ಮಾತು ನಮಗೆ ಬಂದಿರುವ ದಾರಿಯನ್ನು ನೋಡಿ. ದೊರೆ ಅಸ್ಟೆಕ್ಕರ ಭಾಷೆಯಾದ ನಹುವಾತ್ಲ್‌ನಲ್ಲಿ ಆಡಿದ್ದನ್ನು ಮಲಿಂತ್ಸಿನ್ ಎಂಬ ಯುವತಿ ಮಾಯಾ ಭಾಷೆಗೆ ತಂದಳು, ಅದನ್ನು ಮಾಯಾ ಬಲ್ಲ ಸ್ಪೇನಿನವನಾದ ಅಗಿಲಾರ್ ಸ್ಪ್ಯಾನಿಷ್‌ಗೆ ತಂದ, ಕೊನೆಗೆ ಅದನ್ನು ಬರೆದವನು ಕೋರ್ಟೆಸ್. ಬರೆದದ್ದು 1520ರ ಅಕ್ಟೋಬರಿನಲ್ಲಿ, ಅಂದರೆ ನಗರದಿಂದ ಸೋತು ಓಡಿಬಂದ ನಾಲ್ಕು ತಿಂಗಳ ಬಳಿಕ. ಕ್ಯೂಬಾದ ಗವರ್ನರನ ಆದೇಶವನ್ನು ಮೀರಿ ಹೊರಟಿದ್ದ ಆತ, ತಾನು ಮಾಡಿದ್ದು ಸರಿಯೆಂದು ಸ್ಪೇನಿನ ದೊರೆ ಐದನೆಯ ಚಾರ್ಲ್ಸ್‌ನನ್ನು ಒಪ್ಪಿಸಬೇಕಾಗಿತ್ತು. ಸಾಕ್ಷಿಯೂ ಫಲಾನುಭವಿಯೂ ಒಬ್ಬನೇ ಆಗಿರುವಾಗ ಉದ್ಧರಣ ಚಿಹ್ನೆಯನ್ನು ತೆಗೆದು ‘ಕೋರ್ಟೆಸ್ ಬರೆಯುವಂತೆ’ ಎಂದು ಸೇರಿಸುವುದು ಕನಿಷ್ಠ ಎಚ್ಚರಿಕೆ.

ಸಿಡುಬಿಗೆ ನೀವು ಕೊಟ್ಟಿರುವುದು ಅರ್ಧ ಸಾಲು. ಮೊಕ್ತೆಸುಮನ ನಂತರ ಪಟ್ಟಕ್ಕೆ ಬಂದ ಕ್ವಿತ್ಲಾವಾಕ್ ಕೆಲವೇ ವಾರಗಳಲ್ಲಿ ಆ ಕಾಯಿಲೆಗೇ ಬಲಿಯಾದ. ಇದನ್ನು ಮುತ್ತಿಗೆಯ ಭಾಗಕ್ಕಿಂತ ಮೊದಲು ತನ್ನಿ.

ಪರಿಣಾಮಗಳ ಭಾಗ ನನ್ನನ್ನು ಹೆಚ್ಚು ಕಾಡಿತು. ‘ಹೀಗೆ ಒಂದು ನಾಗರಿಕತೆ ಕಣ್ಮರೆಯಾಯಿತು’ ಎಂದು ಮುಗಿಸಿದ್ದೀರಿ. ಕಣ್ಮರೆಯಾದ ಜನರು ನಡಾವಳಿ ಬರೆದಿಡುವುದಿಲ್ಲ. ತ್ಲಶ್ಕಾಲಾದ ನಗರಸಭೆ ಹದಿನಾರನೆಯ ಶತಮಾನದ ನಡುವಿನಲ್ಲಿ ತನ್ನ ನಡಾವಳಿಗಳನ್ನು ನಹುವಾತ್ಲ್‌ನಲ್ಲೇ, ಹೊಸದಾಗಿ ಕಲಿತ ರೋಮನ್ ಲಿಪಿಯಲ್ಲಿ ಬರೆಸಿತು. 1553ರ ಒಂದು ಸಭೆಯಲ್ಲಿ, ಯುರೋಪಿನಲ್ಲಿ ಬೇಡಿಕೆಯಿದ್ದ ಕೆಂಪು ಬಣ್ಣಕ್ಕಾಗಿ ಕಳ್ಳಿಯ ಮೇಲೆ ಹುಳು ಸಾಕಿ ದುಡ್ಡು ಕಂಡವರು ಮೆಕ್ಕೆಜೋಳದ ಹೊಲವನ್ನು ಪಾಳುಬಿಟ್ಟು, ಕುಡಿದು ಮೆರೆಯುತ್ತಿದ್ದಾರೆಂದು ಸದಸ್ಯರು ಸಿಡಿಮಿಡಿಗೊಂಡಿದ್ದಾರೆ. ಯುರೋಪಿನ ಮಾರುಕಟ್ಟೆ ಅಲ್ಲಿನ ಊರೊಳಗೆ ಹೇಗೆ ನುಗ್ಗಿತೆಂಬುದನ್ನು ನಿಮ್ಮ ಎರಡು ಪುಟಗಳ ವಿಲಾಪಕ್ಕಿಂತ ಈ ದೂರು ಚೆನ್ನಾಗಿ ಹೇಳುತ್ತದೆ. ನಹುವಾತ್ಲ್ ಆಡುವವರು ಇಂದಿಗೂ ಹತ್ತು ಲಕ್ಷಕ್ಕಿಂತ ಹೆಚ್ಚಿದ್ದಾರೆ. ನಷ್ಟ ಸಣ್ಣದೆಂದು ನಾನು ಹೇಳುತ್ತಿಲ್ಲ. 1545 ಮತ್ತು 1576ರ ಮಹಾಪಿಡುಗುಗಳು ಊರೂರನ್ನೇ ಬರಿದುಮಾಡಿದವು. 1607ರಲ್ಲಿ ಶುರುವಾದ ಕಾಲುವೆ ಕಾಮಗಾರಿಯಿಂದ ತೆನೊಚ್ತಿತ್ಲಾನ್ ಸುತ್ತಲಿದ್ದ ಸರೋವರಗಳನ್ನು ಬತ್ತಿಸತೊಡಗಿದರು. ಆ ಮೆತ್ತನೆಯ ತಳದ ಮೇಲೆ ನಿಂತ ಮೆಕ್ಸಿಕೋ ನಗರ, ಅಂತರ್ಜಲ ಎತ್ತಿದಷ್ಟೂ ಕುಸಿಯುತ್ತಿದೆ. ಇವನ್ನು ಬರೆಯಿರಿ.

ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದ ಮೆಣಸಿನಕಾಯಿಯ ಪ್ಯಾರಾ ಇರಲಿ, ಸೊಗಸಾಗಿದೆ. ನಮ್ಮವರು ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರೆಂಬ ಮಾತು ಸರಿಯಾಗಿದೆ. ಅದನ್ನು ಭಾರತಕ್ಕೆ ತಂದವರು ಮಾತ್ರ ಸ್ಪೇನಿನವರಲ್ಲ, ಪೋರ್ಚುಗೀಸರು. ತಿದ್ದಿಕೊಳ್ಳಿ.

ಮರುಬರಹಕ್ಕೆ ಕೂತಾಗ ಮೊದಲ ಪುಟದಲ್ಲಿ ಕೋರ್ಟೆಸ್‌ನ ಹೆಸರನ್ನೇ ಎತ್ತದೆ, ತ್ಲಶ್ಕಾಲಾದ ಮುಖಂಡರು 1519ರ ಸೆಪ್ಟೆಂಬರಿನಲ್ಲಿ ಯುದ್ಧವೋ ಸಂಧಿಯೋ ಎಂದು ಯೋಚಿಸುತ್ತಿದ್ದ ಹೊತ್ತಿನಿಂದ ಆರಂಭಿಸಿ ನೋಡಿ. ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.

ಇಂತು,
ಸಂಪಾದಕ