ಡಬಲ್ ಪೈಪ್‌ನ ಸ್ಟ್ರೆಸ್ ಲೆಕ್ಕಕ್ಕೆ ಬೀಮ್ ಮಾಡೆಲ್ ಸಾಕಾ, ಪೂರ್ತಿ ಎಫ್‌ಇಎ ಬೇಕಾ?

ಡಬಲ್ ಪೈಪ್ ಅಂದರೆ ಒಳಗೊಂದು ಪೈಪ್, ಅದರ ಸುತ್ತ ಜಾಕೆಟ್ ಅನ್ನುವ ಹೊರಪೈಪ್. ಬೀಮ್ ಮಾಡೆಲ್‌ನಲ್ಲಿ ಪೈಪನ್ನು ಸರಳ ಗೆರೆಯಂತೆ ಹಿಡಿದು ಲೆಕ್ಕ ಮಾಡುತ್ತೇವೆ, ಎಫ್‌ಇಎಯಲ್ಲಿ (ಫೈನೈಟ್ ಎಲಿಮೆಂಟ್ ಅನಾಲಿಸಿಸ್) ಅದನ್ನೇ ಸಣ್ಣಸಣ್ಣ ತುಂಡುಗಳಾಗಿ ಒಡೆದು. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ವಾರ ಕಳೆದಿದ್ದೆ. ಕೊನೆಗೆ ಪೈಪ್ ಸ್ಟ್ರೆಸ್ ಸಾಫ್ಟ್‌ವೇರ್ ಸೀಸರ್ 2ರಲ್ಲಿ ಬೀಮ್ ಮಾಡೆಲ್ ಕಟ್ಟಿದೆ. ಒಳಪೈಪಿಗೆ ಒಂದು ಸಾಲು ನೋಡ್ (ಲೆಕ್ಕದ ಬಿಂದುಗಳು), ಜಾಕೆಟ್‌ಗೆ ಇನ್ನೊಂದು ಸಾಲು. ಎರಡು ಪೈಪುಗಳ ನಡುವಿನ ಅಂತರ ಕಾಯುವ ಸ್ಪೇಸರ್ ಇರುವಲ್ಲಿ ಅಡ್ಡಕ್ಕೆ ಮಾತ್ರ ಹಿಡಿತ, ಎರಡೂ ತುದಿಯ ವೆಲ್ಡ್‌ನಲ್ಲಿ ಪೂರ್ತಿ ಬಿಗಿ. ಅಲ್ಲಿವರೆಗೆ ಎಲ್ಲಾ ಸರಿಯಾಗಿತ್ತು.

ತಪ್ಪಿದ್ದು ತಾಪಮಾನದಲ್ಲಿ. ಒಳಗಿನ ಎಣ್ಣೆ 150 ಡಿಗ್ರಿ, ಜಾಕೆಟ್‌ನ ಸ್ಟೀಮೂ 150, ಎರಡೂ ಕಾರ್ಬನ್ ಸ್ಟೀಲ್. ಒಂದೇ ಸಮ ಹಿಗ್ಗುತ್ತವೆ ಅಂತ ಅದೊಂದೇ ಲೋಡ್ ಕೇಸ್ (ಲೆಕ್ಕಕ್ಕೆ ಕೊಡುವ ಒಂದು ಪರಿಸ್ಥಿತಿ) ಓಡಿಸಿದೆ. ಆದರೆ ಸ್ಟೀಮ್ ಲೈನ್ ರಿಪೇರಿಗೆ ನಿಂತಾಗಲೂ ಒಳಗೆ ಬಿಸಿ ಎಣ್ಣೆ ಹರಿಯುತ್ತದೆ, ಅಲ್ವಾ? ಆಗ ನಡುವೆ ಬರೀ ಗಾಳಿ, ಜಾಕೆಟ್ ತಣ್ಣಗೆ. ಕೆಟ್ಟದ್ದನ್ನೇ ಹಿಡಿಯೋಣ, ಜಾಕೆಟ್ 20 ಡಿಗ್ರಿಯಲ್ಲೇ ಇದೆ ಅನ್ನಿ. ಒಳಪೈಪ್ ಮೀಟರಿಗೆ ಸುಮಾರು 1.56 ಮಿ.ಮೀ. ಉದ್ದವಾಗಲು ನೋಡುತ್ತದೆ, ಜಾಕೆಟ್ ಬಿಡುವುದಿಲ್ಲ. 2 ಇಂಚಿನ ಒಳಪೈಪ್, 3 ಇಂಚಿನ ಜಾಕೆಟ್, ಎರಡೂ ಶೆಡ್ಯೂಲ್ 40 (ಗೋಡೆಯ ದಪ್ಪ ಹೇಳುವ ಅಂಕಿ) ಆದರೆ, ಒಳಗೆ ಸುಮಾರು 210 ಎಂಪಿಎ (ಮೆಗಾಪಾಸ್ಕಲ್) ಅದುಮುವ ಸ್ಟ್ರೆಸ್, ಜಾಕೆಟ್‌ನಲ್ಲಿ 100ರಷ್ಟು ಎಳೆತ. ತುದಿಯ ವೆಲ್ಡ್ ಮೇಲೆ ಬೀಳುವ ಬಲ 145 ಕಿಲೋನ್ಯೂಟನ್, ಅಂದರೆ 14 ಟನ್‌ಗಿಂತ ಜಾಸ್ತಿ. ಲೈನಿನ ಉದ್ದ ಕಡಿಮೆಯಿದ್ದರೂ ಇದು ಕಡಿಮೆಯಾಗುವುದಿಲ್ಲ. ನೇರ ಪೈಪಿನಲ್ಲಿ ಈ ಬಲ ಒಳಗೊಳಗೇ ಸಮವಾಗುವುದರಿಂದ ಸಪೋರ್ಟ್‌ಗಳ ಲೋಡ್ ನೋಡಿದರೆ ಸುಳಿವೂ ಸಿಗುವುದಿಲ್ಲ.

ಹೀಗೆ ಕೆಲವು ಸಲ ಆದಮೇಲೆ ತುದಿಯ ವೆಲ್ಡ್ ಬಿರುಕು ಬಿಟ್ಟಿತು. ಅದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಬೀಮಾ ಎಫ್‌ಇಎನಾ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಅದೇ 150-150 ಕೊಟ್ಟಿದ್ದರೆ ಎಫ್‌ಇಎ ಕೂಡ ಅದೇ ಸುಳ್ಳನ್ನು ಬಣ್ಣಬಣ್ಣವಾಗಿ ತೋರಿಸುತ್ತಿತ್ತು. ತುದಿಯ ವೆಲ್ಡ್‌ಗೆ, ಬೇಕಿದ್ದರೆ ಬೆಂಡ್‌ಗಳಿಗೆ ಎಫ್‌ಇಎ ಮಾಡಿ, ಇಡೀ ಲೈನಿಗೆ ಸುಮ್ನೆ ಬೇಡ. ಮೊದಲು ಲೈನ್ ನಡೆಸುವವರ ಹತ್ತಿರ ಕೂತು ಕೇಳಿ: ಯಾವುದು ಮೊದಲು ಬಿಸಿಯಾಗುತ್ತೆ, ಯಾವುದು ಮೊದಲು ನಿಲ್ಲುತ್ತೆ, ಯಾವಾಗ ತೊಳೀತೀರಿ? ಅವರು ಹೇಳುವ ಪ್ರತಿಯೊಂದು ಜೋಡಿ ತಾಪಮಾನಕ್ಕೂ ಒಂದೊಂದು ಲೋಡ್ ಕೇಸ್ ಬೇಕು.

ಇನ್ನೊಂದು ಮಾತು. ಕಾರ್ಖಾನೆ ಪೈಪಿಂಗ್‌ನ ನಿಯಮಾವಳಿ ಎಎಸ್‌ಎಂಇ ಬಿ31.3ರ ಹಳೆಯ ಆವೃತ್ತಿಗಳಲ್ಲಿ ಹಿಗ್ಗುವಿಕೆಯ ಸ್ಟ್ರೆಸ್ ಸೂತ್ರಕ್ಕೆ ಬಾಗುವಿಕೆ, ತಿರುಚುವಿಕೆ ಮಾತ್ರ ಸೇರುತ್ತಿದ್ದವು, ಪೈಪಿನ ಉದ್ದಕ್ಕೆ ಬರುವ ಬಲ ಸೇರುತ್ತಿರಲಿಲ್ಲ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅದು ಸೇರಿದೆಯಾ ನೋಡಿ. ಮೇಲಿನ ಲೆಕ್ಕವನ್ನು ನಿಮ್ಮ ಪೈಪಿಗೆ ಕೈಯಲ್ಲೇ ಮಾಡಿ, ಐದು ನಿಮಿಷದ ಕೆಲಸ. ನೇರ ಪೈಪಿನಲ್ಲಿ ಆ ಅಂಕಿ ಬರದಿದ್ದರೆ ಮಾಡೆಲ್ ಇನ್ನೂ ಸರಿಯಾಗಿಲ್ಲ.