ಸೆಮಿಫೈನಲ್ ಆಡಿದರೂ ರ‍್ಯಾಂಕಿಂಗ್ ಕುಸಿದದ್ದು ಯಾಕೆ?

ನಿಮ್ಮ ಮಗ ವೃತ್ತಿಪರ ಟೆನಿಸ್‌ನ ಆರಂಭಿಕ ಹಂತದ ಎಂ15 ಟೂರ್ನಿಯಲ್ಲಿ ಸೆಮಿಫೈನಲ್ ತಲುಪಿದ ಮೇಲೂ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ರ‍್ಯಾಂಕಿಂಗ್ ಇಳಿದಿದೆ ಅಂದಿರಲ್ಲ, ಹೆಚ್ಚಾಗಿ ಹೋದ ವರ್ಷದ ಪಾಯಿಂಟ್‌ಗಳು ಬಿದ್ದುಹೋಗಿರಬೇಕು. ಎಟಿಪಿ ಪಾಯಿಂಟ್‌ಗೆ 52 ವಾರಗಳಷ್ಟೇ ಆಯಸ್ಸು. ಹೋದ ವರ್ಷ ಇದೇ ಹೊತ್ತಿಗೆ ಅವನು ಎಂ15 ಗೆದ್ದಿದ್ದ ಅಂತ ಬರೆದಿದ್ದೀರಿ. ಅದರ 15 ಹೋಯಿತು, ಈ ಸೆಮಿಫೈನಲ್‌ಗೆ ಬರುವುದು 4. ಆಟ ಕೆಟ್ಟಿದೆ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಎಟಿಪಿ ತಾಣದಲ್ಲಿ ಅವನ ಪುಟ ತೆರೆದು, ಯಾವ ಟೂರ್ನಿಯ ಪಾಯಿಂಟ್ ಯಾವ ವಾರ ಬೀಳುತ್ತದೆ ಅಂತ ನೋಡಿ. ಈ 4 ಇನ್ನೂ ಕಾಣದಿದ್ದರೆ ಒಂದು ವಾರ ಕಾಯಿರಿ. ಎಂ15ನಂತಹ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳ ಪಾಯಿಂಟ್ ತಡವಾಗಿಯೇ ಸೇರುತ್ತದೆ.

ಆಮೇಲೆ ಮುಂದಿನ ಮೂರು ತಿಂಗಳಲ್ಲಿ ಜಾಸ್ತಿ ಪಾಯಿಂಟ್ ಬೀಳುವ ವಾರಗಳನ್ನು ಗುರುತು ಮಾಡಿ, ಅದಕ್ಕೂ ಮೊದಲೇ ಎಂ15ಗಿಂತ ಒಂದು ಮೆಟ್ಟಿಲು ಮೇಲಿನ ಎಂ25 ಟೂರ್ನಿಗಳನ್ನು ಸೇರಿಸಿ. ಎಂ15 ಫೈನಲ್‌ನಲ್ಲಿ ಸೋತರೆ 8, ಎಂ25 ಸೆಮಿಯಲ್ಲಿ ಸೋತರೂ 8. ಆದರೆ ಎಂ25ರಲ್ಲಿ ಮೊದಲ ಸುತ್ತಿನಲ್ಲೇ ಗಟ್ಟಿ ಎದುರಾಳಿ ಸಿಗಬಹುದು, ಅದಕ್ಕೆ ಎರಡನ್ನೂ ಬೆರೆಸಿ ಆಡಿಸುವುದು ಒಳ್ಳೆಯದು.

ಎಂ25ಗಿಂತಲೂ ಮೇಲಿನ ಹಂತದ ಚಾಲೆಂಜರ್ ಟೂರ್ನಿಗಳಿಗೆ ಅವನ ಹೆಸರು ಕೊಡಬಹುದಾ ಅನ್ನುವ ನಿಮ್ಮ ಪ್ರಶ್ನೆಗೆ ಖಚಿತ ಉತ್ತರ ಕೊಡುವುದು ಕಷ್ಟ. ಚಾಲೆಂಜರ್ 50 ಮಟ್ಟದ ಟೂರ್ನಿ ಗೆದ್ದರೆ 50 ಪಾಯಿಂಟ್, ಆಸೆ ಸಹಜ ಅಲ್ವಾ? ಆದರೆ ಅರ್ಹತಾ ಸುತ್ತಿಗೆ ಎಷ್ಟನೇ ರ‍್ಯಾಂಕ್‌ವರೆಗೆ ಜಾಗ ಸಿಗುತ್ತದೆ ಎಂಬುದು ವಾರವಾರಕ್ಕೂ ಬದಲಾಗುತ್ತದೆ. ಹಿಂದಿನ ವರ್ಷದ ಪ್ರವೇಶ ಪಟ್ಟಿಗಳಲ್ಲಿ ಕೊನೆಯ ಹೆಸರಿನ ರ‍್ಯಾಂಕ್ ನೋಡಿ. ಮಗನದು ಅದರ ಹತ್ತಿರವಿದ್ದರೆ ಮಾತ್ರ ಹೆಸರು ಕೊಡಿ.